ಎಲ್ಲಿಗೂ ಹೋಗದ ಹಡಗು

ಜಪಸರವನ್ನು ಎರಡು ಸುತ್ತು ಸುತ್ತಿ ಮೂರನೆಯದಕ್ಕೆ ಎಳೆಯುವಾಗ ಅದು ಗೇಬ್ರಿಯಲನ ಹೆಬ್ಬೆರಳಿಗೆ ಸಿಕ್ಕಿಕೊಂಡಿತು. ಲೂರ್ದ್ ಬಗ್ಗಿ, ಗಂಡನಿಗೆ ನೋವಾದೀತೇನೋ ಎಂಬಷ್ಟು ಮೆಲ್ಲಗೆ ಅದನ್ನು ಬಿಡಿಸಿದಳು. ಎರಡೂ ಕೈಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಇಟ್ಟು, ಸರವನ್ನು ಬಿಗಿದು, ತುದಿಯ ಶಿಲುಬೆ ಕಾಣುವಂತೆ ಸರಿಮಾಡಿದಳು. ಶವಾಗಾರದ ಆ ಪುಟ್ಟ ಕೋಣೆಯಲ್ಲಿ ಎಸಿ ಮೈ ನಡುಗಿಸುತ್ತಿತ್ತು. ಹೊರಗೆ ದುಬೈ ಬೆಳಗಾಗುತ್ತಲೇ ಕಾದ ಕಾವಲಿಯಂತಾಗಿತ್ತು.

"ಸಾಕು ಮಮ್ಮಿ, ಚಂದ ಕಾಣ್ತದೆ," ಎಂದಳು ಮಗಳು ಶಾರನ್.

ಚಂದ ಕಾಣುವ ಕೈಗಳೇ ಅವು. ಎಪ್ಪತ್ತು ದಾಟಿದರೂ ಬೆರಳುಗಳು ಉದ್ದಕ್ಕೆ, ನೇರಕ್ಕೆ ಇದ್ದವು. ಉಗುರಿನಡಿ ಒಂದಿಷ್ಟು ಕೊಳೆ ಕೂತದ್ದನ್ನು ಲೂರ್ದ್ ಕಂಡದ್ದಿಲ್ಲ. ಮಲಗುವ ಮುಂಚೆ ಕೈಗೆ ತೆಂಗಿನೆಣ್ಣೆ ತಿಕ್ಕದೆ ಗೇಬ್ರಿಯಲ್ ಹಾಸಿಗೆಗೆ ಬಂದವನೇ ಅಲ್ಲ. ದೇರಾದ ಹೋಟೆಲೊಂದರ ಸ್ಟೋರಿನಲ್ಲಿ ಅಕ್ಕಿ, ಸಾಬೂನು, ಟವೆಲ್ ನೋಡಿಕೊಳ್ಳುವವನಿಗೆ ಮದುಮಗಳ ಕೈ ಯಾಕೆ ಎಂದು ಇಗರ್ಜಿಯ ಗೆಳೆಯರು ಕಿಚಾಯಿಸುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಊಟವಾಗಲಿ, ಕೇರಂ ಆಟವಾಗಲಿ, ಇಗರ್ಜಿಯ ಕಮಿಟಿ ಸಭೆಯಾಗಲಿ, ಮೇಜು ಬಿಟ್ಟು ಏಳುವ ಮುಂಚೆ ಎರಡೂ ಕೈಗಳನ್ನು ಒಮ್ಮೆ ಮೆಲ್ಲಗೆ ತಟ್ಟುತ್ತಿದ್ದ. ಅಂಗೈಗಳನ್ನು ಮೇಲಕ್ಕೆ ತಿರುಗಿಸಿ, ಮತ್ತೆ ಕೆಳಕ್ಕೆ ತಿರುಗಿಸಿ, ಆಮೇಲೆ ಎದ್ದು ಹೋಗುತ್ತಿದ್ದ. ಶಾರನ್ ಮತ್ತು ಅವಳ ತಮ್ಮ ಆಶ್ಲೆ ಚಿಕ್ಕವರಿದ್ದಾಗ ಅದನ್ನು ಊಟದ ಕೊನೆಯ ಪ್ರಾರ್ಥನೆ ಎಂದುಕೊಂಡು ತಾವೂ ಮಾಡುತ್ತಿದ್ದರು. ಹಿಂದೆ ಇದ್ದ ಒಬ್ಬ ಪಾದ್ರಿಯಂತೂ ಪ್ರವಚನದಲ್ಲಿಯೇ ಅದನ್ನೆತ್ತಿ, ವಿನಯವೆಂದರೆ ನಮ್ಮ ಗೇಬ್ರಿಯಲರ ಕೈ ನೋಡಿ ಎಂದಿದ್ದರು. ಮುಂದಿನ ಬೆಂಚಿನಲ್ಲಿದ್ದ ಲೂರ್ದ್ ನಗು ತಡೆಯಲು ತುಟಿ ಕಚ್ಚಿ ಹಿಡಿದಿದ್ದಳು. ಅದರ ನಿಜವಾದ ಅರ್ಥ ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬನ ಕೈಯನ್ನು ಈಗ ತಾನೇ ಅವಳು ಕಟ್ಟಿ ಮುಗಿಸಿದ್ದಳು.

ಹೊರಗೆ ಇಸ್ಮಾಯಿಲ್ ಕಾಯುತ್ತಿದ್ದ. ಮುರಕ್ಕಬಾತ್‌ನಲ್ಲಿ ಇವರಿರುವ ಕಟ್ಟಡದ ಕೆಳಗೆ ಗ್ರಾಸರಿ ಇಟ್ಟುಕೊಂಡಿರುವ ಬ್ಯಾರಿ. ಸಾವಿನ ಕಾಗದಪತ್ರಗಳಿಗಾಗಿ ಕಚೇರಿಯಿಂದ ಕಚೇರಿಗೆ ಓಡಾಡಿದ್ದು ಅವನೇ. "ಪೇಪರೆಲ್ಲ ಖಲಾಸ್ ಅಕ್ಕ. ಇನ್ನು ಇಗರ್ಜಿಗೆ ಹೋಗುವುದೇ," ಎಂದು ಕಾರಿನ ಬಾಗಿಲು ತೆಗೆದುಕೊಟ್ಟ.

ಕಾರಿನಲ್ಲಿ ಆಶ್ಲೆ ಮಡಿಲಲ್ಲಿ ಹೂವಿನ ಲಂಗರನ್ನು ಇಟ್ಟುಕೊಂಡು ಕೂತಿದ್ದ. ಅಪ್ಪ ಹಡಗಿನವನಲ್ಲವೇ, ಬರೀ ವೃತ್ತಾಕಾರದ ಹಾರ ಬೇಡ, ಲಂಗರಿನ ಹಾಗೆ ಕಟ್ಟಿಕೊಡಿ ಎಂದು ಹೂವಿನಂಗಡಿಗೆ ಹೇಳಿ ಮಾಡಿಸಿದ್ದ. ಇಸ್ಮಾಯಿಲನಿಗೆ ಅದು ಬಹಳ ಹಿಡಿಸಿತು. ಎಣ್ಣೆ ಹಡಗಿನಲ್ಲಿ ಏಳು ಸಮುದ್ರ ಸುತ್ತಿದ ಗೇಬ್ರಿಯಲಣ್ಣ ತನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಾ ಕುಡಿದು ಹೋಗುತ್ತಿದ್ದರಲ್ಲ, ಒಂದು ದಿನವಾದರೂ ದೊಡ್ಡಸ್ತಿಕೆ ತೋರಿಸಿದ್ದುಂಟೇ ಎಂದು ದಾರಿಯುದ್ದಕ್ಕೂ ಹೇಳಿದ. ಲೂರ್ದ್ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಎಣ್ಣೆ ಹಡಗನ್ನು ಕಟ್ಟಿ ನೀರಿಗೆ ಬಿಟ್ಟವಳು ಅವಳೇ.

*

ಮದುವೆಯ ಮಾತುಕತೆಯಾಗುವಾಗ ಹುಡುಗನಿಗೆ ಹಡಗಿನಲ್ಲಿ ಹೋಟೆಲ್ ಕೆಲಸ ಎಂದಿದ್ದರು. ಅವಳ ಊರಾದ ಶಿರ್ವದ ಕಡೆಯಲ್ಲಿ ಅಷ್ಟು ಸಾಕಿತ್ತು. ಲೂರ್ದ್ ಕೇಳಿದ್ದು ಒಂದೇ ಪ್ರಶ್ನೆ, ಹುಡುಗ ಇಸ್ಪೀಟು ಆಡುತ್ತಾನೆಯೇ ಎಂದು. ಇಲ್ಲ ಎಂದು ಉತ್ತರ ಬಂತು. ಅದು ಸುಳ್ಳೂ ಆಗಿರಲಿಲ್ಲ.

ಆ ಪ್ರಶ್ನೆಗೆ ಕಾರಣವಿತ್ತು. ಅವಳ ಅಪ್ಪ ಕೋಳಿ ಅಂಕದ ಬಯಲಿನಲ್ಲಿ ಅಂದರ್ ಬಾಹರ್‌ಗೆ ಕೂತು ಮೊದಲು ಹೆಂಡತಿಯ ಕುತ್ತಿಗೆಯ ಸರ ಕಳೆದ, ಆಮೇಲೆ ಮನೆಯೆದುರಿನ ಗದ್ದೆ ಕಳೆದ, ಕೊನೆಗೆ ಊರಲ್ಲಿ ಮುಖವೆತ್ತಿ ನಡೆಯುವುದನ್ನೇ ಕಳೆದುಕೊಂಡ. ಅಪ್ಪ ಸತ್ತ ಮೇಲೆ ಆ ಮನೆಯಲ್ಲಿ ಇಸ್ಪೀಟಿನ ಹೆಸರೆತ್ತುವಂತಿರಲಿಲ್ಲ.

ಆದರೆ ತಮ್ಮನ ಮದುವೆಯ ರೋಸಿನ ದಿನ, ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ ಇನ್ನೂ ಹೊತ್ತಿರುವಾಗ, ತಮ್ಮನ ಗೆಳೆಯರು ಚಪ್ಪರದ ಮೂಲೆಯಲ್ಲಿ ಒಂದು ಕಟ್ಟು ಬಿಚ್ಚಿದರು. ರಜೆಯಲ್ಲಿ ಬಂದಿದ್ದ ಗೇಬ್ರಿಯಲ್ ಬದಿಯಲ್ಲಿ ಕೂತಿದ್ದ. ಯಾರೋ ಕಟ್ಟನ್ನು ಅವನ ಕೈಗೆ ತುರುಕಿ, ಭಾವ, ನೀವು ಕಲಸಿ ಎಂದರು.

ಅವನು ಬೇಡವೆನ್ನುವ ಮೊದಲೇ ಕೈಗಳು ಕೆಲಸ ಶುರುಮಾಡಿದ್ದವು. ಕಟ್ಟು ಎರಡಾಯಿತು, ಎರಡು ಒಂದಾಯಿತು, ಎಲೆಗಳು ಒಂದರೊಳಗೊಂದು ಸರಸರನೆ ಇಳಿದವು. ಮೇಜಿನ ಮೇಲೆ ಒಮ್ಮೆ ಕೈಯಾಡಿಸಿದ್ದಷ್ಟೇ, ಐವತ್ತೆರಡೂ ಎಲೆಗಳು ಕಮಾನಿನಂತೆ ಸಾಲಾಗಿ ಮಲಗಿದವು. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ತಾನೇನು ಮಾಡಿದೆ ಎಂದು ಗೇಬ್ರಿಯಲನಿಗೆ ಆಗ ಹೊಳೆದಿರಬೇಕು. ಥಟ್ಟನೆ ಎದ್ದ. ಏಳುವಾಗ ಕೈ ತಟ್ಟಿ, ಅಂಗೈಗಳನ್ನು ಮೇಲೆ ಕೆಳಗೆ ತಿರುಗಿಸಿ ತೋರಿಸಿದ. ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಲೂರ್ದ್ ಎಲ್ಲವನ್ನೂ ಕಂಡಳು.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಹಡಗು ಅಮೆರಿಕದ ಫ್ಲೋರಿಡಾದ್ದು. ಸಂಜೆಯಾದರೆ ಜನರನ್ನು ತುಂಬಿಕೊಂಡು ಹೊರಡುತ್ತದೆ. ದಡದಿಂದ ಮೂರು ಮೈಲಿಯವರೆಗೆ ಆ ರಾಜ್ಯದ ಕಾನೂನು, ಜೂಜು ಅಪರಾಧ. ಅಲ್ಲಿಯವರೆಗೆ ಮೇಜುಗಳ ಮೇಲೆ ಮುಸುಕು ಹಾಕಿ ಇವರೆಲ್ಲ ಟ್ರೇ ಹಿಡಿದು ಜ್ಯೂಸು ಹಂಚುತ್ತಾರೆ. ಗೆರೆ ದಾಟಿದ ಕೂಡಲೆ ಗಂಟೆ ಬಾರಿಸುತ್ತಾರೆ, ಮುಸುಕು ಹಾರುತ್ತದೆ. ಅಲ್ಲಿಂದಾಚೆ ಹಡಗಿನ ಬಾವುಟದ ಕಾನೂನು. ಆ ಬಾವುಟದ ಪುಟ್ಟ ದೇಶವನ್ನು ಹಡಗಿನ ಒಬ್ಬನೂ ಕಣ್ಣಾರೆ ಕಂಡವನಲ್ಲ. ಮರಳುವಾಗ ಗೆರೆಗೆ ಮುಂಚೆ ಮತ್ತೆ ಮುಸುಕು. ಕೈ ತಟ್ಟಿ ತೋರಿಸುವುದು ಮೇಜು ಬಿಡುವಾಗಿನ ನಿಯಮ. ಕೈಯಲ್ಲಿ ಏನೂ ಅಡಗಿಸಿಕೊಂಡಿಲ್ಲ ಎಂದು ಸೂರಿನಲ್ಲಿರುವ ಕ್ಯಾಮರಾಕ್ಕೆ ಕಾಣಿಸಬೇಕು.

"ಅದು ಯಾವ ಊರಿಗೆ ಹೋಗುವ ಹಡಗು?" ಎಂದು ಕೇಳಿದಳು ಲೂರ್ದ್.

"ಎಲ್ಲಿಗೂ ಹೋಗುವುದಿಲ್ಲ. ಗೆರೆ ದಾಟ್ತದೆ, ವಾಪಸು ಬರ್ತದೆ."

"ನೀವು ಆಡ್ತೀರಾ?"

"ಇಲ್ಲ. ಒಂದು ಸಲವೂ ಇಲ್ಲ. ನಾನು ಎಲೆ ಹಂಚುವವನು, ಅಷ್ಟೇ."

"ನನ್ನ ಅಪ್ಪನಿಗೂ ಯಾರೋ ಒಬ್ಬ ಎಲೆ ಹಂಚಿದ್ದ," ಎಂದಳು ಲೂರ್ದ್.

ಹಾಲು ಕುಡಿಯುವ ಕೂಸಾಗಿದ್ದ ಶಾರನಳ ತಲೆಯ ಮೇಲೆ ಗೇಬ್ರಿಯಲನ ಕೈಯಿಡಿಸಿ ಅವಳು ಎರಡು ಮಾತು ತೆಗೆದುಕೊಂಡಳು. ಹಡಗು ಬಿಡಬೇಕು. ಮಕ್ಕಳಿಗೆ ಆ ಹಡಗಿನ ಸುದ್ದಿ ಎಂದೂ ತಿಳಿಯಬಾರದು. ಅವನು ಎರಡನ್ನೂ ನಡೆಸಿಕೊಟ್ಟ. ಹಡಗು ಬಿಟ್ಟು ದುಬೈಗೆ ಬಂದು ಸ್ಟೋರ್ ಸೇರಿದ. ಯಾವ ಹಡಗು ಎಂದು ಕೇಳಿದವರಿಗೆ ಲೂರ್ದ್ ಎಣ್ಣೆ ಹಡಗು ಎಂದಳು. ಜನ ಅದಕ್ಕೆ ಏಳು ಸಮುದ್ರ ಸೇರಿಸಿದರು.

*

ಊದ್ ಮೇಥಾದ ಇಗರ್ಜಿಯ ಅಂಗಳದಲ್ಲಿ ನಂದನ್ ನಿಂತಿದ್ದ. ಜೊತೆಗೆ ಹಡಗಿನ ಕಾಲದ ಇನ್ನಿಬ್ಬರು ನರೆತಲೆಯವರು. ಮೂವರೂ ಬೆಳಿಗ್ಗೆಯೇ ಅಬುಧಾಬಿಯಿಂದ ಹೊರಟು ಬಂದಿದ್ದರು. ನಂದನ್ ಉಡುಪಿಯವನು, ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಲಾಂಡ್ರಿ ನೋಡಿಕೊಳ್ಳುತ್ತಾನೆ. ಗೇಬ್ರಿಯಲನ ಪಕ್ಕದ ಮೇಜಿನಲ್ಲಿ ಎಲೆ ಹಂಚುತ್ತಿದ್ದವನು ಅವನೇ. ಮನೆಗೆ ಬಂದಾಗಲೆಲ್ಲ ಮಕ್ಕಳೆದುರು ಅವನೂ ಎಣ್ಣೆ ಹಡಗಿನವನಾಗುತ್ತಿದ್ದ.

ಲೂರ್ದಳನ್ನು ನೋಡಿ ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಜನರಿಂದ ಒಂದಿಷ್ಟು ದೂರ, ಖರ್ಜೂರದ ಮರದ ಚೂರು ನೆರಳಿಗೆ ಅವಳನ್ನು ಕರೆದ.

"ಬಾಯಮ್ಮ, ಒಂದು ಮಾತು ಕೇಳುವುದುಂಟು. ನಮ್ಮವರಲ್ಲಿ ಒಬ್ಬ ಹೋದರೆ ಉಳಿದವರು ಹೋಗಿ ಅವನ ಪರವಾಗಿ ಕೈ ತೋರಿಸ್ತೇವೆ. ಅವ ಮೇಜು ಬಿಟ್ಟ, ಕೈ ಖಾಲಿ ಉಂಟು ಅಂತ. ಗುಂಡಿಯ ಹತ್ತಿರ ಒಂದು ನಿಮಿಷ ಸಾಕು."

"ಬೇಡ ನಂದನ್."

"ಯಾರೂ ಎಂತ ಅಂತ ಕೇಳುವುದಿಲ್ಲ."

"ಮಕ್ಕಳು ಕೇಳ್ತಾರೆ. ಮೂರು ಮಂದಿ ಒಟ್ಟಿಗೆ ಹಾಗೆ ಮಾಡಿದ್ರೆ ಆಶ್ಲೆ ಬಿಡ್ಲಿಕ್ಕಿಲ್ಲ. ಅವರು ಮಾತು ಕೊಟ್ಟಿದ್ರು, ನಿಮಗೆ ಗೊತ್ತುಂಟು."

ನಂದನ್ ವಾದಿಸಲಿಲ್ಲ. ಆಯ್ತು ಬಾಯಮ್ಮ ಎಂದು ತಲೆಯಾಡಿಸಿ, ಉಳಿದಿಬ್ಬರ ಬಳಿ ಹೋಗಿ ಏನೋ ಹೇಳಿದ. ಅವರೂ ತಲೆಯಾಡಿಸಿದರು. ಅವನು ಜಗಳವಾಡಿದ್ದರೂ ಲೂರ್ದಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅಷ್ಟು ದೂರದಿಂದ ಬಂದ ಮೂವರು ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಇಳಿಸಿಕೊಂಡು ನಿಂತಿದ್ದರು.

*

ಮಾತು ಕೊಟ್ಟದ್ದು ಮಕ್ಕಳಿಗೆ ಹೇಳುವುದಿಲ್ಲವೆಂದು. ಹೆಂಡತಿಗೆ ಹೇಳುವುದಿಲ್ಲವೆಂದು ಅಲ್ಲ. ದುಬೈಗೆ ಬಂದ ಮೊದಲ ವರ್ಷಗಳಲ್ಲಿ ಗೇಬ್ರಿಯಲ್ ಅವಳೆದುರೂ ಹಡಗಿನ ಮಾತೆತ್ತಿರಲಿಲ್ಲ. ಆಮೇಲೆ ಒಂದು ಶುಕ್ರವಾರ ಮಮ್ಝಾರ್ ಬೀಚಿನಲ್ಲಿ ಮಕ್ಕಳು ನೀರಿನಲ್ಲಿ ಕುಣಿಯುತ್ತಿದ್ದಾಗ, ದೂರದಲ್ಲಿ ದೀಪ ಹಚ್ಚಿಕೊಂಡ ಹಡಗೊಂದು ಹಾದುಹೋಯಿತು. ಗೇಬ್ರಿಯಲ್ ಕೈಯಲ್ಲಿದ್ದ ಚಾ ಆರಿಹೋಗುವವರೆಗೆ ಅದನ್ನೇ ನೋಡಿದ. ಪಾಪ ಅನ್ನಿಸಿತು ಅವಳಿಗೆ.

"ಆ ಗಂಟೆಯನ್ನು ಯಾರು ಬಾರಿಸ್ತಿದ್ದದ್ದು?" ಎಂದು ತಾನಾಗಿ ಕೇಳಿದಳು.

ಕಟ್ಟೆ ಒಡೆಯಿತು. ಅಂದಿನಿಂದ ಶುಕ್ರವಾರವೆಂದರೆ ಚಾಪೆ, ಫ್ಲಾಸ್ಕಿನಲ್ಲಿ ಚಾ, ಮಕ್ಕಳು ನೀರಿಗಿಳಿಯುವುದನ್ನೇ ಕಾಯುವ ಇಬ್ಬರು. ಅವನು ಕಾಲಿನ ಹೆಬ್ಬೆರಳಿನಿಂದ ಮರಳಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಈಚೆ ನಿಂತು ಬಾಗಿ, ಮೇಡಂ, ಜ್ಯೂಸ್ ಎನ್ನುತ್ತಿದ್ದ. ಆಚೆಗೆ ಹಾರಿ, ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಎಲೆಗಳನ್ನು ಹಂಚುತ್ತಿದ್ದ. ಅಲೆ ಜೋರಾದ ದಿನ ನಂದನ್ ಟ್ರೇ ಸಮೇತ ಒಬ್ಬ ನ್ಯಾಯಾಧೀಶರ ಮಡಿಲಲ್ಲಿ ಬಿದ್ದದ್ದು, ಕಾನೂನು ತಿಳಿದ ಆ ಮನುಷ್ಯ ಗೆರೆ ದಾಟಿತೇ ಎಂದು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದದ್ದು. ಆಟವೇ ಆಡದೆ, ಗಂಟೆಯ ಸದ್ದು ಕೇಳಲೆಂದೇ ಪ್ರತಿ ಶನಿವಾರ ಬರುತ್ತಿದ್ದ ಒಬ್ಬ ವಿಧವೆ ಅಜ್ಜಿ. ಒಂದೊಂದನ್ನೂ ಅವನು ನಡೆದು, ಕುಳಿತು, ದನಿ ಬದಲಿಸಿ ಹೇಳುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಪ್ರೀತಿಯ ಕತೆ ಅವನ ಕಾಲದ್ದೇ ಅಲ್ಲ. ಹಡಗಿನಲ್ಲಿ ಅವನ ಮೇಲಧಿಕಾರಿಯಾಗಿದ್ದ ಮುದುಕ ಅಮೆರಿಕನ್ನನು ಹೇಳಿದ್ದು. ಅಜ್ಜಂದಿರ ಕಾಲದಲ್ಲಿ ಕ್ಯಾಲಿಫೋರ್ನಿಯಾದ ದಡದಿಂದ ಮೂರು ಮೈಲಿ ಆಚೆ ಜೂಜಿನ ಹಡಗುಗಳು ಲಂಗರು ಹಾಕಿ ನಿಲ್ಲುತ್ತಿದ್ದವಂತೆ. ದಡದವರಿಗೆ ದೀಪಗಳು ಕಾಣುತ್ತಿದ್ದವು, ಜನ ಪುಟ್ಟ ದೋಣಿಗಳಲ್ಲಿ ಹೋಗಿ ಆಡಿ ಬರುತ್ತಿದ್ದರು. ಒಮ್ಮೆ ಪೊಲೀಸರು ದೋಣಿಯಲ್ಲಿ ಬಂದರೆ ಹಡಗಿನವರು ಬೆಂಕಿ ಆರಿಸುವ ಪೈಪು ಹಿಡಿದು ನೀರೆರಚಿ ಹತ್ತಲು ಬಿಡಲಿಲ್ಲ. ಕೊನೆಗೆ ಕೋರ್ಟು ಒಂದು ಉಪಾಯ ಕಂಡುಹಿಡಿಯಿತು. ಮೈಲಿಯನ್ನು ದಡದಿಂದ ಅಳೆಯಬಾರದು, ಕೊಲ್ಲಿಯ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದು ಅಲ್ಲಿಂದ ಅಳೆಯಬೇಕು ಎಂದಿತು. ಹಡಗು ನಿಂತಲ್ಲೇ ನಿಂತಿತ್ತು, ಅದರ ಕೆಳಗಿನ ಸಮುದ್ರ ಸರ್ಕಾರದ್ದಾಯಿತು. ಇಷ್ಟು ಹೇಳಿ ಗೇಬ್ರಿಯಲ್ ಮರಳಿನ ಗೆರೆಯನ್ನು ಅಳಿಸಿ, ತನ್ನ ಬೆನ್ನ ಹಿಂದೆ ಹೊಸದಾಗಿ ಎಳೆದು, ಸಿಕ್ಕಿಬಿದ್ದವನಂತೆ ಎರಡೂ ಕೈ ಮೇಲೆತ್ತುತ್ತಿದ್ದ. ಎಷ್ಟು ಸಲ ಕೇಳಿದರೂ ಲೂರ್ದ್ ಅಲ್ಲಿಗೆ ಬಂದಾಗ ನಗುತ್ತಿದ್ದಳು. ಮಕ್ಕಳು ನೀರಿನಿಂದ ಬರುತ್ತಿದ್ದಂತೆ ಅವನು ಗೆರೆಯನ್ನು ಕಾಲಿನಿಂದ ಒರೆಸುತ್ತಿದ್ದ.

ಇಸ್ಪೀಟನ್ನು ಅವಳು ಕ್ಷಮಿಸಿರಲಿಲ್ಲ. ಹಡಗನ್ನು ಮಾತ್ರ ಯಾವಾಗಲೋ ಪ್ರೀತಿಸತೊಡಗಿದ್ದಳು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಹೇಳಲು ಒಂದು ಅವಕಾಶ ಬಂದಿತ್ತು. ಕಳೆದ ಕ್ರಿಸ್ಮಸ್ಸಿನ ಊಟದಲ್ಲಿ, ಹೋಟೆಲ್ ಕೆಲಸದ ಆಶ್ಲೆ ಸುದ್ದಿಯೊಂದನ್ನು ತೆಗೆದ. ರಾಸ್ ಅಲ್ ಖೈಮಾದಲ್ಲಿ ಕ್ಯಾಸಿನೊ ಬರುತ್ತದೆ, ಈ ದೇಶದಲ್ಲಿಯೂ ಕಾನೂನು ಬದಲಾಗಿದೆ, "ಕ್ಯಾನ್ ಯೂ ಇಮ್ಯಾಜಿನ್, ಡ್ಯಾಡಿ?" ಎಂದ. ಗೇಬ್ರಿಯಲನ ಮುಖ ಬೆಳಗಿತು. ಬಾಯಿ ತೆರೆದವನು ತಡೆದು ಲೂರ್ದಳ ಕಡೆ ನೋಡಿದ. ಇನ್ನಾದರೂ ಹೇಳಲೇ ಎಂದು ಕಣ್ಣಿನಲ್ಲೇ ಕೇಳಿದ. ಲೂರ್ದ್ ಮೀನಿನ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ ತಲೆ ಎತ್ತಲಿಲ್ಲ. ಅವನು ಒಂದು ಗಳಿಗೆ ಕಾದ. ಆಮೇಲೆ ಕೈ ತಟ್ಟಿ, ಅಂಗೈ ಮೇಲೆ ಕೆಳಗೆ ತಿರುಗಿಸಿ, ಎದ್ದು ಹೋದ.

*

ಪೂಜೆಯಲ್ಲಿ ಪಾದ್ರಿ ಎಣ್ಣೆ ಹಡಗನ್ನು ನೆನೆದರು. ಆಮೇಲೆ ಆಶ್ಲೆ ಮಾತನಾಡಲು ಹೋದ. ಇಂಗ್ಲಿಷಿನಲ್ಲಿ ಶುರುಮಾಡಿ, ಎರಡು ವಾಕ್ಯದ ಮೇಲೆ ಅದನ್ನು ಬಿಟ್ಟು, ಮನೆಯ ಮಾತಿಗೆ ಬಂದ. ಡ್ಯಾಡಿ ಬೈದವರಲ್ಲ, ಹೊಡೆದವರಲ್ಲ, ಯಾರ ಬಗ್ಗೆಯೂ ಕೆಟ್ಟದ್ದಾಡಿದವರಲ್ಲ ಎಂದ. ಕಾಗದವನ್ನು ಮಡಚಿ ಜೇಬಿಗೆ ಹಾಕಿ ಪೆಟ್ಟಿಗೆಯ ಕಡೆ ತಿರುಗಿದ.

"ಒಂದು ಮಾತ್ರ ಬೇಜಾರುಂಟು. ಡ್ಯಾಡಿ ನಮಗೆ ಹಡಗಿನ ಒಂದೇ ಒಂದು ಕತೆಯನ್ನೂ ಹೇಳ್ಲಿಲ್ಲ. ಸಣ್ಣವನಿರುವಾಗ ನಾನು ತುಂಬಾ ಕೇಳ್ತಿದ್ದೆ. ಅವರು ನಗ್ತಿದ್ರು, ಅಷ್ಟೇ. ಅವರಿಗೆ ಆ ವರ್ಷಗಳು ಇಷ್ಟ ಇರ್ಲಿಲ್ಲ ಅಂತ ಕಾಣ್ತದೆ. ಅಲ್ಲಿ ತುಂಬಾ ಕಷ್ಟಪಟ್ಟಿರಬೇಕು, ಅದಕ್ಕೆ ಮರೀಲಿಕ್ಕೆ ನೋಡಿದ್ದು. ಐ ಆಮ್ ಸಾರಿ, ಡ್ಯಾಡಿ."

ಲೂರ್ದ್ ಹಿಂತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ನಂದನ್ ತಲೆ ತಗ್ಗಿಸಿದ್ದು ಅವಳಿಗೆ ಕಂಡಿತು. ತಾನು ಬಚ್ಚಿಟ್ಟದ್ದು ಇಸ್ಪೀಟಿನ ಕಟ್ಟನ್ನು ಎಂದುಕೊಂಡಿದ್ದಳು. ಮರಳಿನ ಮೇಲೆ ಕುಣಿದ ಮನುಷ್ಯನನ್ನೂ ಅದರೊಡನೆ ಬಚ್ಚಿಟ್ಟಿದ್ದಳು. ತಾನು ಸುಮ್ಮನಿದ್ದರೆ ಈ ಮಕ್ಕಳ ಪಾಲಿಗೆ ಅಪ್ಪನೆಂದರೆ ಸಮುದ್ರದಲ್ಲಿ ನೊಂದು ಸ್ಟೋರಿನಲ್ಲಿ ಸವೆದ ಒಬ್ಬ ಮೌನಿ, ಇಷ್ಟೇ ಉಳಿಯುತ್ತದೆ.

ಜಬಲ್ ಅಲಿಯ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಅವಳು ಮುಂದಿನ ಗಾಡಿಯನ್ನೇ ನೋಡುತ್ತಿದ್ದಳು. ಅದರಲ್ಲಿ ಗೇಬ್ರಿಯಲ್ ಹೋಗುತ್ತಿದ್ದ. ಮೇಜು ಬಿಟ್ಟು ಏಳುವವನ ಕೈಗಳನ್ನು ತಾನು ಇಂದು ಬೆಳಿಗ್ಗೆ ಒಂದರ ಮೇಲೊಂದು ಇಟ್ಟು ಬಿಗಿದು ಕಟ್ಟಿಬಿಟ್ಟೆನಲ್ಲ ಎಂದುಕೊಂಡಳು. ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಬಿಚ್ಚಿ ಎನ್ನುವ ಹಾಗಿರಲಿಲ್ಲ.

ಪೆಟ್ಟಿಗೆ ಇಳಿಯಿತು. ಪಾದ್ರಿ ತೀರ್ಥ ಚಿಮುಕಿಸಿ ಪ್ರಾರ್ಥನೆ ಮುಗಿಸಿದರು. ಮಣ್ಣು ಹಾಕುವ ಸರದಿ ಮೊದಲು ಹೆಂಡತಿಯದು. ಊರಿನ ಕೆಂಪು ಮಣ್ಣಲ್ಲ ಅದು, ಬೆಚ್ಚಗಿನ ಸಣ್ಣ ಮರಳು. ಲೂರ್ದ್ ಹಿಡಿಯಷ್ಟು ತೆಗೆದು ಗುಂಡಿಯೊಳಗೆ ಬಿಟ್ಟಳು.

ಹಿಂದೆ ಸರಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತಳು. ಎರಡೂ ಕೈಗಳನ್ನು ಒಮ್ಮೆ ತಟ್ಟಿದಳು. ಅಂಗೈಗಳನ್ನು ಬಿಸಿಲಿಗೆ ತಿರುಗಿಸಿ ಹಿಡಿದಳು, ಮತ್ತೆ ಮಗುಚಿದಳು.

ಜನ ಗುಜುಗುಟ್ಟಲೂ ಇಲ್ಲ. ದುಃಖದಲ್ಲಿ ಹೆಂಗಸು ಕೈ ಕೊಡವಿಕೊಂಡಳು ಎಂದುಕೊಂಡಿರಬೇಕು. ಆದರೆ ಹಿಂದಿನಿಂದ ನಂದನ್ ಮುಂದೆ ಬಂದ. ಅವಳ ಮುಖ ನೋಡಿದ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಮೂವರು ಮುದುಕರೂ ಗುಂಡಿಯ ಅಂಚಿನಲ್ಲಿ ಸಾಲಾಗಿ ನಿಂತು, ಒಟ್ಟಿಗೆ ಕೈ ತಟ್ಟಿ, ಅಂಗೈಗಳನ್ನು ಆಕಾಶಕ್ಕೆ ತೋರಿಸಿ ಮಗುಚಿದರು. ನಂದನನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಲು ಕೈಗೆ ಬಿಡುವಿರಲಿಲ್ಲ.

"ಮಮ್ಮಿ, ವಾಟ್ ಈಸ್ ದಿಸ್? ಇದು ಡ್ಯಾಡಿ ಮಾಡ್ತಿದ್ದದ್ದಲ್ವಾ?" ಆಶ್ಲೆಯ ತೋಳಿನಲ್ಲಿ ಹೂವಿನ ಲಂಗರು ಇನ್ನೂ ನೇತಾಡುತ್ತಿತ್ತು.

"ಹೌದು. ನಿನ್ನ ಡ್ಯಾಡಿ ಎಣ್ಣೆ ಹಡಗಿನಲ್ಲಿ ಇರ್ಲಿಲ್ಲ, ಆಶ್ಲೆ. ಕತೆ ಹೇಳಬಾರ್ದು ಅಂತ ಬಾಯಿ ಕಟ್ಟಿದವಳು ನಾನು. ಅವರಿಗೆ ಆ ವರ್ಷಗಳಷ್ಟು ಇಷ್ಟದ್ದು ಬೇರೆ ಎಂತದೂ ಇರ್ಲಿಲ್ಲ."

ಶಾರನ್ ಹತ್ತಿರ ಬಂದು ಅಮ್ಮನ ತೋಳು ಹಿಡಿದಳು.

"ಶುಕ್ರವಾರ ಮಮ್ಝಾರಿಗೆ ಹೋಗುವ. ಎಲ್ಲ ಹೇಳ್ತೇನೆ. ಈಗ ಮಣ್ಣು ಹಾಕಿ," ಎಂದಳು ಲೂರ್ದ್.

ಆಶ್ಲೆ ಲಂಗರನ್ನು ನೆಲದ ಮೇಲಿಟ್ಟು ಬಗ್ಗಿದ. ಹಿಡಿ ಮರಳು ಹಾಕಿ ಎದ್ದು, ಅಮ್ಮನತ್ತ ಒಮ್ಮೆ ನೋಡಿ, ಚಿಕ್ಕಂದಿನಲ್ಲಿ ಊಟದ ಮೇಜಿನಲ್ಲಿ ಮಾಡುತ್ತಿದ್ದಂತೆಯೇ ಕೈ ತಟ್ಟಿ ಅಂಗೈಗಳನ್ನು ಬಿಡಿಸಿದ. ಲೂರ್ದ್ ಹತ್ತಿರ ಹೋಗಿ, ಆ ಉದ್ದನೆಯ ನೇರ ಬೆರಳುಗಳನ್ನು ಹಿಡಿದು ಬಿಸಿಲಿಗೆ ಒಡ್ಡಿ, ಬಾಗಿ ನೋಡಿದಳು. ಗೆರೆಗಳೊಳಗೆ ಮರಳು ಮಿನುಗುತ್ತಿತ್ತು.

"ಇನ್ನೂ ಉಂಟು," ಎಂದಳು. "ಇನ್ನೊಮ್ಮೆ ತಟ್ಟು."